ತಟ್ಟಿ ನೋಡತಕ್ಕದ್ದು

ನಗರದ ನೀರು ಸರಬರಾಜು ಸಂಸ್ಥೆಯಲ್ಲಿ ನಾಲ್ಕು ಸಾವಿರ ಜನ ಕೆಲಸ ಮಾಡುತ್ತಿದ್ದರು. ಅವರಲ್ಲಿ ಹೆಚ್ಚಿನವರು ಕೈಪಿಡಿ ಮೇಡಂ ಮುಖ ಕಂಡವರಲ್ಲ. ಆದರೆ ಹಾಜರಿ ಪುಸ್ತಕಕ್ಕೆ ಎಷ್ಟು ಗಂಟೆಯೊಳಗೆ ಸಹಿ ಹಾಕಬೇಕು, ಪಂಪುಮನೆಯ ಬೀಗದ ಕೈ ಯಾವ ಮೊಳೆಗೆ ನೇತುಹಾಕಬೇಕು, ಒಡೆದ ಕೊಳವೆಯ ತುಂಡನ್ನು ಎಷ್ಟು ದಿನ ಎತ್ತಿಡಬೇಕು ಎಂಬುದೆಲ್ಲ ಅವಳ ಬೆರಳಿನಿಂದಲೇ ಹೊರಟು ಅವರ ಬದುಕಿನೊಳಗೆ ಹೋಗಿ ಕೂತಿತ್ತು. ಆರುನೂರ ಹನ್ನೆರಡು ಪುಟಗಳ ಆ ನೀಲಿ ರಟ್ಟಿನ ಕಾರ್ಯಾಚರಣೆ ಕೈಪಿಡಿ ಇಲ್ಲದ ಕೋಣೆ ಸಂಸ್ಥೆಯಲ್ಲಿ ಇರಲಿಲ್ಲ.

ಅವಳು ಇಂಜಿನಿಯರ್ ಅಲ್ಲ. ಟೈಪಿಸ್ಟ್ ಆಗಿ ಸೇರಿ, ಮೂವತ್ತೆರಡು ವರ್ಷಗಳಲ್ಲಿ ಒಂದೊಂದೇ ಮೆಟ್ಟಿಲು ಹತ್ತಿ ಕೈಪಿಡಿ ವಿಭಾಗದ ಮುಖ್ಯಸ್ಥೆಯಾದವಳು. ವಿಭಾಗವೆಂದರೆ ಮೂರನೆಯ ಮಹಡಿಯ ಮೂಲೆಯಲ್ಲಿ ಒಂದು ಕೋಣೆ, ಎರಡು ಮೇಜು, ಬಾಗಿಲು ಸರಿಯಾಗಿ ಕೂಡದ ಒಂದು ಕಬ್ಬಿಣದ ಬೀರು ಮತ್ತು ಅವಳು. “ಮುಖ್ಯಸ್ಥೆಯೂ ನಾನೇ, ಸಿಬ್ಬಂದಿಯೂ ನಾನೇ. ಹಾಗಾಗಿ ನಮ್ಮ ವಿಭಾಗದಲ್ಲಿ ಜಗಳ ಕಡಿಮೆ” ಎಂದು ಕೇಳಿದವರಿಗೆ ಹೇಳುತ್ತಿದ್ದಳು.

ಮನೆಯಲ್ಲೂ ಅದೇ ಚಾಳಿ. ಗಂಡ ದರ್ಜಿ, ಬೀದಿಗೆ ತೆರೆದ ಮುಂಗೋಣೆಯಲ್ಲೇ ಅವನ ಅಂಗಡಿ. ಒಳಗೆ ಅಡುಗೆಮನೆಯ ನಲ್ಲಿಯ ಮೇಲೆ “ಬಳಸಿದ ನಂತರ ಬಿಗಿಯಾಗಿ ತಿರುಗಿಸತಕ್ಕದ್ದು” ಎಂಬ ಚೀಟಿ. ಅದರ ಕೆಳಗೆ ಗಂಡ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ “ತಿರುಗಿಸಲಾಗಿದೆ” ಎಂದು ಬರೆದಿಟ್ಟಿದ್ದ. ಎಂಬತ್ತು ದಾಟಿದ ಅತ್ತೆ ಹಾಸಿಗೆಯಿಂದ ಎದ್ದು ಬಂದರೆ ಕುರ್ಚಿಯ ಹಿಂದೆ ಮುಂದೆ ನೋಡಿ, “ಕೂತ್ಕೋಬಹುದೇನಮ್ಮಾ, ಇದಕ್ಕೂ ಏನಾದ್ರೂ ಚೀಟಿ ಇದ್ಯಾ?” ಎಂದು ಕೇಳುವರು. ಅವಳಿಗೂ ನಗು ಬರುತ್ತಿತ್ತು. ಚೀಟಿ ಮಾತ್ರ ಕೀಳುತ್ತಿರಲಿಲ್ಲ.

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ, ಇಡೀ ಕೈಪಿಡಿಯನ್ನು ಕಂಪ್ಯೂಟರಿಗೆ ಏರಿಸಬೇಕೆಂದು ನಿರ್ದೇಶಕರ ಆಜ್ಞೆಯಾಯಿತು. ಅವಳು ಮೊದಲ ಪುಟದಿಂದ ಶುರು ಮಾಡಿದಳು. ಆ ದಿನಗಳಲ್ಲೇ ಒಂದು ಮಧ್ಯಾಹ್ನ ಅಪರಿಚಿತ ಹೆಂಗಸೊಬ್ಬಳು ಬಂದು ಮೇಜಿನ ಮೇಲೆ ಒಂದು ಸಣ್ಣ ಜೇಬುಪುಸ್ತಕ ಇಟ್ಟಳು. ಕೈಪಿಡಿಯ ಮೊದಲ ಕರಡನ್ನು ಕೈಯಲ್ಲಿ ಬರೆದುಕೊಟ್ಟ ಹಿರಿಯ ಇಂಜಿನಿಯರರ ಮಗಳು ಆಕೆ.

“ಅಪ್ಪಂದು ಇದು. ಮನೆ ಬದಲಾಯಿಸ್ತಿದ್ದೀವಿ, ಎಸೆಯೋಕೆ ಮನಸ್ಸಾಗಲಿಲ್ಲ. ನಿಮಗೇನಾದ್ರೂ ಉಪಯೋಗಕ್ಕೆ ಬರತ್ತೇನೋ ಅಂತ.”

ಆ ಇಂಜಿನಿಯರರು ಕರಡು ಕೊಟ್ಟ ತಿಂಗಳಲ್ಲೇ ನಿವೃತ್ತರಾಗಿ, ಪುಸ್ತಕ ಅಚ್ಚಾಗುವ ಮೊದಲೇ ತೀರಿಕೊಂಡಿದ್ದರು. ಅವಳು ಗೌರವದಿಂದಲೇ ಪುಟ ತಿರುವಿದಳು. ಪಂಪುಗಳ ಬಗ್ಗೆ ಬರೆದಲ್ಲಿ, ನೀಟಾದ ಅಕ್ಷರದಲ್ಲಿ ಒಂದು ಸಾಲು ಇತ್ತು: “ಗಂಟೆಗೊಮ್ಮೆ ಪಂಪನ್ನು ಬೇರಿಂಗ್ ಬಳಿ ಮುಟ್ಟಿ ನೋಡತಕ್ಕದ್ದು. ಬಿಸಿ ಕೈ ತಡೆಯದಂತಿದ್ದರೆ ನಿಲ್ಲಿಸತಕ್ಕದ್ದು.”

ಅವಳು ಆ ಸಾಲನ್ನು ಎರಡು ಸಲ ಓದಿದಳು. ಆಮೇಲೆ ನೀಲಿ ಕೈಪಿಡಿ ತೆಗೆದು ನಲವತ್ತೊಂದನೆಯ ಕಲಂ ನೋಡಿದಳು. ನೋಡುವ ಅಗತ್ಯವೇ ಇರಲಿಲ್ಲ, ಬಾಯಿಪಾಠವಾಗಿತ್ತು. “ಗಂಟೆಗೊಮ್ಮೆ ಪಂಪನ್ನು ಬೇರಿಂಗ್ ಬಳಿ ತಟ್ಟಿ ನೋಡತಕ್ಕದ್ದು.”

ಕುರ್ಚಿಯಲ್ಲಿ ಕೂತಿದ್ದವಳು ಕೂತಂತೆಯೇ ನಾಲಿಗೆ ಕಚ್ಚಿಕೊಂಡಳು.

ಎಲ್ಲ ನೆನಪಿಗೆ ಬಂತು. ಇಪ್ಪತ್ತನಾಲ್ಕು ವರ್ಷದ ಹುಡುಗಿ, ಕೆಲಸಕ್ಕೆ ಸೇರಿ ಎರಡು ತಿಂಗಳು. ಮುಂದೆ ಟೈಪ್ ಯಂತ್ರ, ಪಕ್ಕದಲ್ಲಿ ಕರಡು. ಆ ಹಾಳೆಯ ಮೇಲೆ ಯಾರೋ ಎಣ್ಣೆ ಕೈ ಇಟ್ಟಿದ್ದರು. ಕಲೆಯ ಕೆಳಗೆ ಒಂದು ಪದದ ಮೊದಲ ಅಕ್ಷರ ಮುಳುಗಿಹೋಗಿ, “ಟ್ಟಿ ನೋಡತಕ್ಕದ್ದು” ಅಷ್ಟೇ ಉಳಿದಿತ್ತು. ಮೇಲೆ ಹೋಗಿ ಕೇಳಬಹುದಿತ್ತು. ಕೇಳಿದರೆ ಓದಲು ಬಾರದವಳು ಅಂದುಕೊಂಡಾರು ಎಂಬ ಅಂಜಿಕೆ. ತಾನೇ ಯೋಚಿಸಿದಳು. ಕಟ್ಟಿ ನೋಡುವುದೇ? ಪಂಪನ್ನು ಯಾಕೆ ಕಟ್ಟುತ್ತಾರೆ. ಮೆಟ್ಟಿ ನೋಡುವುದು ಸಭ್ಯವಲ್ಲ. ಕುಟ್ಟಿ ನೋಡಿದರೆ ಪಂಪು ಉಳಿಯಲಿಕ್ಕಿಲ್ಲ. ಮನೆಯ ರೇಡಿಯೋ ಗೊರಗೊರ ಎಂದಾಗ ಅಪ್ಪ ಅದರ ತಲೆಗೆ ಎರಡೇಟು ತಟ್ಟುತ್ತಿದ್ದದ್ದು ನೆನಪಾಯಿತು. ಯಂತ್ರವೆಂದ ಮೇಲೆ ತಟ್ಟುವುದೇ ಸರಿ ಎಂದು ತೀರ್ಮಾನಿಸಿ “ತ” ಒತ್ತಿದಳು. ಬಿಸಿಯ ಮಾತು ಮುಂದಿನ ಸಾಲಿನಲ್ಲಿದ್ದದ್ದರಿಂದ ಅದಕ್ಕೆ ನಲವತ್ತೆರಡನೆಯ ಕಲಂ ಎಂದು ಬೇರೆ ಸಂಖ್ಯೆ ಕೊಟ್ಟು ದೂರ ಕೂರಿಸಿದಳು.

ಅಲ್ಲಿಗೇ ನಿಂತಿದ್ದರೆ ಅಕ್ಷರದೋಷವೆನ್ನಬಹುದಿತ್ತು. ಮರುವರ್ಷ ಒಂದು ಪಂಪುಮನೆಯಿಂದ ಪತ್ರ ಬಂತು: ಯಾವುದರಿಂದ ತಟ್ಟಬೇಕು, ಎಷ್ಟು ಸಲ? ಮೇಲಧಿಕಾರಿ ಅದನ್ನು ಅವಳ ಮೇಜಿಗೆ ತಳ್ಳಿದರು. ಟೈಪು ಮಾಡಿದವಳಿಗೆ ಗೊತ್ತಿರಬೇಕಲ್ಲ. ಅವಳು ಉತ್ತರ ತಯಾರಿಸಿದಳು: “ಮರದ ಕೊಡತಿಯಿಂದ, ಮೂರು ಬಾರಿ, ಮಿತವಾದ ಬಲದಿಂದ.” ಮೂರೇ ಯಾಕೆ ಎಂದರೆ ಎರಡು ಕಡಿಮೆಯೆನಿಸಿತ್ತು, ನಾಲ್ಕು ಅತಿಯೆನಿಸಿತ್ತು. ಉಗ್ರಾಣದವರು ನೂರ ನಲವತ್ತು ಪಂಪುಮನೆಗಳಿಗೂ ಕೊಡತಿ ತರಿಸಿದರು. ದಿನಚರಿ ಪುಸ್ತಕದಲ್ಲಿ “ತಟ್ಟಲಾಗಿದೆ” ಎಂಬ ಕಾಲಂ ಬಂತು. ತಪಾಸಣೆಗೆ ಹೋದವರು ಕೊಡತಿ ನೇತುಹಾಕಿಲ್ಲವೆಂದು ಟಿಪ್ಪಣಿ ಬರೆದರು. ಬಡ್ತಿ ಪರೀಕ್ಷೆಯಲ್ಲಿ “ಪಂಪನ್ನು ತಟ್ಟುವ ಉದ್ದೇಶವೇನು?” ಎಂಬ ನಾಲ್ಕು ಅಂಕದ ಪ್ರಶ್ನೆ ಕಾಯಂ ಆಯಿತು. ಆ ಉತ್ತರಪತ್ರಿಕೆಗಳನ್ನು ತಿದ್ದಿದವಳೂ ಅವಳೇ. “ಮಿತವಾದ ಬಲ” ಎಂದು ಬರೆಯದವರಿಗೆಲ್ಲ ಅರ್ಧ ಅಂಕ ಕಳೆದಿದ್ದಳು.

‘ಕುಟ್ಟಿ ಅಂತ ಒತ್ತಲಿಲ್ಲವಲ್ಲ, ಅದಕ್ಕೇ ಈ ಊರಿನ ಜನ ಇನ್ನೂ ನೀರು ಕುಡೀತಿದ್ದಾರೆ’ ಎಂದುಕೊಂಡು ಜೇಬುಪುಸ್ತಕವನ್ನು ಕೈಚೀಲಕ್ಕೆ ಹಾಕಿಕೊಂಡಳು.

ಮಾರನೆಯ ದಿನ ರಜೆ ಬರೆದು ಬಸ್ಸು ಹತ್ತಿದಳು. ಹೊಳೆಯ ಕಡೆಯ ಪಂಪುಮನೆಗೆ ಎಂದು ಟಿಕೆಟ್ ಕೇಳುವಾಗ ಅವಳಿಗೆ ಇನ್ನೊಂದು ಸತ್ಯ ಹೊಳೆಯಿತು. ಪಂಪುಗಳ ಮೇಲೆ ಎಪ್ಪತ್ತು ಪುಟ ಬರೆದ ತಾನು ಈವರೆಗೆ ಒಂದು ಪಂಪನ್ನೂ ಕಣ್ಣಾರೆ ಕಂಡಿಲ್ಲ.

ಪಂಪುಮನೆಯೊಳಗೆ ಕೂಗದೆ ಮಾತು ಕೇಳದಷ್ಟು ಸದ್ದಿತ್ತು. ಗುಡಿಸಿ ಒರೆಸಿದ ಸಿಮೆಂಟು ನೆಲ, ಸಾಲಾಗಿ ನಾಲ್ಕು ಹಸಿರು ಪಂಪುಗಳು, ಗೋಡೆಗೆ ಕೊಡತಿ, ಮೇಜಿಗೆ ದಾರದಿಂದ ಕಟ್ಟಿದ ದಿನಚರಿ ಪುಸ್ತಕ. ಆ ಪಾಳಿಯ ಆಪರೇಟರ್ ನಲವತ್ತು ದಾಟಿದ ಹೆಂಗಸು. ಮುಖ್ಯ ಕಚೇರಿಯಿಂದ ಬಂದವರೆಂದು ಗೊತ್ತಾದದ್ದೇ ತಡ, ಗಡಿಯಾರ ನೋಡಿ ಕೊಡತಿ ಕೈಗೆ ತೆಗೆದುಕೊಂಡಳು. ಮೊದಲ ಪಂಪಿನ ಪಕ್ಕ, ಅಚ್ಚು ತಿರುಗುವಲ್ಲಿ ಅದನ್ನು ಹಿಡಿದು ನಿಲ್ಲಿಸಿದ ಬೇರಿಂಗಿನ ಕಬ್ಬಿಣದ ಗೂಡಿನ ಮೇಲೆ ಟಕ್ ಟಕ್ ಟಕ್ ಎಂದು ತಟ್ಟಿದಳು. ಬಲ ಮಿತವಾಗಿಯೇ ಇತ್ತು.

ಆದರೆ ತಟ್ಟುವಾಗ ಅವಳ ಎಡ ಅಂಗೈ ಆ ಗೂಡಿನ ಮೇಲೇ ಇತ್ತು. ಎರಡನೆಯ ಪಂಪಿನಲ್ಲೂ ಹಾಗೇ.

“ಆ ಕೈ ಯಾಕೆ ಅಲ್ಲಿ ಇಟ್ಟಿದ್ದೀರಿ?”

ಆಪರೇಟರ್ ಬಿಸಿ ತಗುಲಿದವಳಂತೆ ಕೈ ತೆಗೆದಳು. “ತಪ್ಪಾಯ್ತು ಮೇಡಂ. ಅಭ್ಯಾಸ ಆಗಿಬಿಟ್ಟಿದೆ.”

“ಬೈಯೋಕೆ ಕೇಳ್ತಿಲ್ಲ. ನನಗೆ ಗೊತ್ತಿಲ್ಲ, ಅದಕ್ಕೆ ಕೇಳ್ತಿದ್ದೀನಿ.”

ಮುಖ್ಯ ಕಚೇರಿಯವರ ಬಾಯಲ್ಲಿ ಗೊತ್ತಿಲ್ಲ ಎಂಬ ಮಾತು ಆಕೆ ಅದೇ ಮೊದಲು ಕೇಳಿದ್ದಿರಬೇಕು. ಕೊಡತಿ ಕೆಳಗಿಟ್ಟು, “ತಟ್ಟೋದು ಪುಸ್ತಕಕ್ಕೆ ಮೇಡಂ” ಎಂದಳು. “ಈ ಗದ್ದಲದಲ್ಲಿ ತಟ್ಟಿದ್ರೆ ಏನ್ ಕೇಳಿಸತ್ತೆ? ಒಳಗೆ ಗ್ರೀಸ್ ಒಣಗಿದ್ರೆ ಇದು ಬಿಸಿ ಆಗತ್ತೆ. ಮುಟ್ಟಿದ್ರೇನೇ ಗೊತ್ತಾಗೋದು. ಅದನ್ನ ಬರೆಯೋಕೆ ಕಾಲಂ ಇಲ್ಲ, ಅದಕ್ಕೆ ಬರೆಯಲ್ಲ.”

“ಎಲ್ಲರೂ ಹೀಗೇ ಮಾಡ್ತಾರಾ?”

“ಹೊಸಬರು ಬಂದಾಗ ಮೊದಲ ದಿನವೇ ಹೇಳಿಕೊಡ್ತೀವಿ. ಬಲಗೈಯಲ್ಲಿ ತಟ್ಟು, ಎಡಗೈಯಲ್ಲಿ ನೋಡು ಅಂತ. ನಂಗೆ ಹೇಳಿಕೊಟ್ಟವರನ್ನ ಎಲ್ಲರೂ ಮೊಂಡಣ್ಣ ಅಂತಾರೆ. ಪಾಪ, ತಟ್ಟೋದೇ ಇಲ್ಲ ಅಂತ ಹಟ ಹಿಡಿದ್ರು. ದೂರದ ಟ್ಯಾಂಕಿಗೆ ಎತ್ತಿ ಹಾಕಿಬಿಟ್ರು.”

ಕೈಪಿಡಿ ಮೇಡಂ ತನ್ನ ಅಂಗೈಯನ್ನು ಪಂಪಿನ ಮೇಲಿಟ್ಟಳು. ಚಹಾ ತುಂಬಿದ ಲೋಟದಷ್ಟು ಬಿಸಿ. ಒಳಗಿನ ನಡುಕ ಮೊಣಕೈವರೆಗೂ ಹತ್ತಿ ಬಂತು. ಮೂವತ್ತೆರಡು ವರ್ಷ ತನ್ನ ಪುಸ್ತಕ ಇವರಿಗೆ ಕೆಲಸ ಕಲಿಸುತ್ತಿದೆ ಎಂದು ನಂಬಿದ್ದಳು. ಪುಸ್ತಕದ ಕಣ್ಣಿಗೆ ಮಣ್ಣೆರಚಿ ಇವರೇ ಕೆಲಸ ಉಳಿಸಿಕೊಂಡು ಬಂದಿದ್ದರು. ಮೊದಲು ಅವಮಾನವಾಯಿತು, ಆಮೇಲೆ ನಿರಾಳವಾಯಿತು. ಅದರ ಬೆನ್ನಿಗೇ ಮೊಂಡಣ್ಣನ ಈ ಕತೆ ಎಲ್ಲೋ ಕೇಳಿದ್ದೇನಲ್ಲ ಎಂಬ ಕಸಿವಿಸಿ ಶುರುವಾಯಿತು.

ಕಡತ ಹುಡುಕಲು ಎರಡು ದಿನ ಹಿಡಿಯಿತು. ಹದಿನಾಲ್ಕು ವರ್ಷ ಹಿಂದಿನದು. ತಟ್ಟದೆಯೇ ಕಾಲಂ ಖಾಲಿ ಬಿಟ್ಟದ್ದಕ್ಕೆ ಕಾರಣ ಕೇಳಿ ನೋಟಿಸ್. ಅದಕ್ಕೆ ಮೊಂಡಣ್ಣನ ಉತ್ತರ, ದಪ್ಪ ಅಕ್ಷರದಲ್ಲಿ: “ಪಂಪನ್ನು ತಟ್ಟಿದರೆ ಏನೂ ತಿಳಿಯುವುದಿಲ್ಲ. ಮುಟ್ಟಿದರೆ ತಿಳಿಯುತ್ತದೆ. ನಾನು ದಿನಾ ಮುಟ್ಟುತ್ತೇನೆ. ಬೇಕಾದರೆ ಸಾಹೇಬರು ಬಂದು ಮುಟ್ಟಿ ನೋಡಲಿ.” ಅದರ ಕೆಳಗೆ ಆದೇಶದ ಕರಡು, ಮೂಲೆಯಲ್ಲಿ ಅವಳದೇ ಚಿಕ್ಕ ಸಹಿ: “ಆಪಾದಿತರು ಪಂಪನ್ನು ಮುಟ್ಟಿರುವುದಾಗಿ ಸ್ವತಃ ಒಪ್ಪಿಕೊಂಡಿರುತ್ತಾರೆ. ಕೈಪಿಡಿಯಲ್ಲಿ ಮುಟ್ಟಲು ಅವಕಾಶವಿರುವುದಿಲ್ಲ. ವಿವರಣೆಯನ್ನು ತಿರಸ್ಕರಿಸಲಾಗಿದೆ.” ಆ ದಿನ ಈ ವಾಕ್ಯಗಳ ಬಗ್ಗೆ ಅವಳಿಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಮನೆಗೆ ಹೋಗಿ ಗಂಡನಿಗೆ ಓದಿ ಹೇಳಿದ್ದಳು.

ಈಗಲೂ ಹೋಗಿ ಗಂಡನಿಗೇ ಹೇಳಿದಳು. ಅವನು ಕಾಲರ್ ಹೊಲಿಯುತ್ತ ಕೇಳಿಸಿಕೊಂಡ. ಕೊಡತಿಯ ಕತೆಗೆ ಯಂತ್ರ ನಿಲ್ಲಿಸಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಮೊಂಡಣ್ಣನ ಮಾತು ಬಂದಾಗ ನಗು ನಿಂತಿತು.

“ಹೋಗಿ ಹೇಳ್ಬಿಡು, ತಪ್ಪಾಯ್ತು ಅಂತ.”

“ಅಷ್ಟು ಸುಲಭನಾ?”

“ಅಳತೆ ತಪ್ಪಿದ್ರೆ ನಾನೇನ್ ಮಾಡ್ತೀನಿ? ಬಿಚ್ಚಿ ಹೊಲಿದು ಕೊಡ್ತೀನಿ.”

“ಹದಿನಾಲ್ಕು ವರ್ಷ ಬಿಚ್ಚಿ ಹೊಲಿಯೋಕೆ ಆಗತ್ತೇನ್ರೀ?”

ಅವನು ಹಲ್ಲಿನಲ್ಲಿ ದಾರ ಕಡಿದು ಮತ್ತೆ ಯಂತ್ರ ತುಳಿಯತೊಡಗಿದ.

ಮೊಂಡಣ್ಣ ನಿವೃತ್ತನಾಗಿ ಮೂರು ವರ್ಷವಾಗಿತ್ತು. ಮನೆ ಒಂದು ಇಕ್ಕಟ್ಟಾದ ಬೀದಿಯಲ್ಲಿ, ಮಹಡಿಯ ಮೇಲೆ. ಅವಳು ಹೋದಾಗ ನೆರೆಮನೆಯವರ ಫ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಬಿಚ್ಚುತ್ತಿದ್ದ. ಅವಳು ತಾನು ಯಾರೆಂದು ಹೇಳಿ, ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದಳು. ಎಣ್ಣೆಕಲೆ, ರೇಡಿಯೋ, ‘ತ’ ಅಕ್ಷರ, ಆದೇಶದ ಕರಡು.

ಅವನು ನಗಲಿಲ್ಲ. “ಏಳು ವರ್ಷ” ಎಂದ. “ದೂರದ ಟ್ಯಾಂಕಿಗೆ ಎರಡು ಬಸ್ಸು ಬದಲಾಯಿಸಬೇಕು. ವಾರಕ್ಕೊಂದು ದಿನ ಮನೆ.”

ಬಾಗಿಲಲ್ಲಿ ನಿಂತಿದ್ದ ಹೆಂಡತಿ, “ಮಗಳ ಶಾಲೆಗೆ ಒಂದು ಸಲವೂ ಹೋಗಿಬರೋಕೆ ಆಗಲಿಲ್ಲ ಇವರಿಗೆ” ಎಂದಳು. ದೂರುವ ದನಿಯಲ್ಲಿ ಹೇಳಲಿಲ್ಲ. ದೂರಿದ್ದರೆ ಚೆನ್ನಾಗಿತ್ತು ಎನಿಸಿತು ಕೈಪಿಡಿ ಮೇಡಂಗೆ.

“ಬಾಯಿಮಾತು ಬೇಡ” ಎಂದ ಮೊಂಡಣ್ಣ. “ನೀವು ನನಗೆ ಬರವಣಿಗೆಯಲ್ಲಿ ತಪ್ಪು ಅಂದ್ರಿ. ಬರವಣಿಗೆಯಲ್ಲೇ ಸರಿ ಅನ್ನಿ.”

ಅವಳು ಕೈಚೀಲದಿಂದ ಹಾಳೆ ತೆಗೆದು ಬರೆದಳು: “ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖಿತ ಆದೇಶದಲ್ಲಿ ಕೆಲವು ನ್ಯೂನತೆಗಳು ಉಂಟಾಗಿರುವುದು ಕಂಡುಬಂದಿದ್ದು...” ಅವನು ಹಾಳೆ ತಿರುಗಿಸಿ ನೋಡಿದ. “ಕಂಡುಬಂದಿದ್ದು ಯಾರಿಗೆ?” ಅವಳು ಹೊಡೆದುಹಾಕಿ ಮತ್ತೆ ಬರೆದಳು: “ವಿಭಾಗದ ಕಡೆಯಿಂದ ತಪ್ಪಾಗಿರುತ್ತದೆ.” ಅವನು ಸ್ಕ್ರೂಡ್ರೈವರ್ ತುದಿಯನ್ನು ವಿಭಾಗ ಎಂಬ ಪದದ ಮೇಲಿಟ್ಟ. “ಇದರಲ್ಲಿ ಎಷ್ಟು ಜನ ಇದ್ದೀರಿ?”

“ನಾನೊಬ್ಬಳೇ.”

“ಹಾಗಾದ್ರೆ ಹಾಗೇ ಬರೀರಿ.”

ಮೂವತ್ತೆರಡು ವರ್ಷ ಅಕ್ಷರ ಕುಟ್ಟಿದ ಕೈ ಎರಡು ಸಾಲಿಗೆ ಹತ್ತು ನಿಮಿಷ ತೆಗೆದುಕೊಂಡಿತು. “ತಪ್ಪು ನನ್ನದು. ನೀವು ಹೇಳಿದ್ದು ಸರಿ.” ಕೆಳಗೆ ಪೂರ್ತಿ ಸಹಿ ಹಾಕಿದಳು. ಅವನು ಓದಿ, ಮಡಿಸಿ, ಅಂಗಿಯ ಜೇಬಿಗೆ ಹಾಕಿಕೊಂಡು ಫ್ಯಾನಿನ ಕೆಲಸಕ್ಕೆ ಮರಳಿದ. ಅವಳು ಮೆಟ್ಟಿಲಿಳಿಯುವಾಗ ಮೇಲಿನಿಂದ ಕೂಗಿ ಹೇಳಿದ: “ಪುಸ್ತಕದಲ್ಲೂ ಸರಿ ಮಾಡಿ. ನನ್ನ ಜೇಬಲ್ಲಿದ್ರೆ ಸಾಲದು.”

ಪುಸ್ತಕದಲ್ಲಿ ಸರಿ ಮಾಡುವುದೆಂದರೆ ತಿದ್ದುಪಡಿ ಸಮಿತಿಯ ಮುಂದೆ ಹೋಗಬೇಕು. ಒಂದಕ್ಷರ ಬದಲಿಸಲೂ ಐದು ಜನರ ಒಪ್ಪಿಗೆ ಬೇಕೆಂಬ ಕಲಮನ್ನು ಯಾರು ಬರೆದರು ಎಂದು ಹೇಳುವ ಅಗತ್ಯವಿಲ್ಲ. ಸಭೆಯಲ್ಲಿ ಅವಳು ವಿಷಯ ಮಂಡಿಸಿದಳು. ಉಗ್ರಾಣದ ಅಧಿಕಾರಿ ಹೊಸ ಕೊಡತಿಗಳು ಹೋದ ತಿಂಗಳಷ್ಟೇ ಬಂದಿವೆ ಎಂದರು. ತರಬೇತಿ ಅಧಿಕಾರಿಗೆ ನಾಲ್ಕು ಅಂಕದ ಪ್ರಶ್ನೆಯ ಚಿಂತೆ. ಸುರಕ್ಷತಾ ಅಧಿಕಾರಿ, ಮುಟ್ಟಿ ಎಂದರೆ ಯಾರಾದರೂ ತಿರುಗುವ ಅಚ್ಚನ್ನೇ ಮುಟ್ಟಿಯಾರು ಎಂದರು. ಅದೊಂದು ಮಾತು ಮಾತ್ರ ತೂಕದ್ದಾಗಿತ್ತು. ಕೊನೆಗೆ ಎಲ್ಲರೂ ಸೇರಿ ಜಾಣ ದಾರಿಯೊಂದನ್ನು ಹುಡುಕಿದರು: “ತಟ್ಟಿ, ತದನಂತರ ಮುಟ್ಟಿ ನೋಡತಕ್ಕದ್ದು.” ಕಾಲಂ ಎರಡು ಮಾಡಿದರಾಯಿತು. ಯಾರಿಗೂ ಮುಖಭಂಗವಿಲ್ಲ.

ಬೇರೆ ದಿನವಾಗಿದ್ದರೆ ಅವಳು ಅದನ್ನು ಹಾಗೇ ಬರೆದುಕೊಂಡು, ತದನಂತರ ಎಂಬ ಪದ ಎಷ್ಟು ಚೆನ್ನಾಗಿ ಕೂತಿದೆ ಎಂದು ಸಂತೋಷಪಡುತ್ತಿದ್ದಳು. ಆ ದಿನ ಪೆನ್ನು ಕೆಳಗಿಟ್ಟು ಹಳೆಯ ಕಡತ ತೆರೆದು, ಮೊಂಡಣ್ಣನ ವಿವರಣೆಯನ್ನು ಗಟ್ಟಿಯಾಗಿ ಓದಿದಳು. ಸಾಹೇಬರು ಬಂದು ಮುಟ್ಟಿ ನೋಡಲಿ ಎಂಬಲ್ಲಿಯವರೆಗೂ ಓದಿದಳು. ಆಮೇಲೆ ಆದೇಶವನ್ನೂ ಓದಿದಳು.

“ಈ ಮುಟ್ಟಲು ಅವಕಾಶವಿರುವುದಿಲ್ಲ ಅನ್ನೋದನ್ನ ಯಾರು ಬರೆದದ್ದು?” ನಿರ್ದೇಶಕರು ಕೇಳಿದರು.

“ನಾನು ಸಾರ್. ತಟ್ಟಿ ಅಂತ ಬರೆದದ್ದೂ ನಾನೇ. ಕೊಡತಿ ನನ್ನದು, ಮೂರು ಸಲ ಅನ್ನೋದೂ ನನ್ನದು. ಅವತ್ತು ನಾನು ಪಂಪು ನೋಡಿರಲಿಲ್ಲ. ಹೋದ ವಾರ ನೋಡಿದೆ.”

ನಿರ್ದೇಶಕರು ಕನ್ನಡಕ ತೆಗೆದು ಒರೆಸಿ, “ನಾನೂ ಈ ಪರೀಕ್ಷೆ ಬರೆದು ಬಂದವನೇ” ಎಂದರು. “ಆ ಪ್ರಶ್ನೆಗೆ ನನಗೆ ಮೂರೂವರೆ ಬಂದಿತ್ತು.”

ತಿದ್ದುಪಡಿ ಒಪ್ಪಿತವಾಯಿತು: “ಬೇರಿಂಗಿನ ಹೊರಗೂಡನ್ನು, ತಿರುಗುವ ಭಾಗ ತಾಗದಂತೆ, ಮುಟ್ಟಿ ನೋಡತಕ್ಕದ್ದು.” ಮೊಂಡಣ್ಣನ ಮೇಲಿನ ಆದೇಶವೂ ರದ್ದಾಯಿತು. ಅದರ ಜೊತೆಗೆ, ನಿಯಮದಂತೆ, ಅಜಾಗರೂಕತೆಗಾಗಿ ಅವಳಿಗೊಂದು ಎಚ್ಚರಿಕೆ ಪತ್ರ ಕೊಡಬೇಕೆಂದೂ ತೀರ್ಮಾನವಾಯಿತು. ಅಂಥ ಪತ್ರಗಳ ಕರಡು ತಯಾರಿಸುವುದು ಕೈಪಿಡಿ ವಿಭಾಗದ ಕೆಲಸ. ಹೀಗಾಗಿ ಅವಳೇ ಕೂತು ತನಗೆ ತಾನು ಎಚ್ಚರಿಕೆ ಬರೆದುಕೊಂಡಳು. ಮೊದಲ ಕರಡು ಮೆತ್ತಗಾಯಿತೆನಿಸಿ, ಹರಿದು ಇನ್ನೂ ಖಾರವಾಗಿ ಬರೆದಳು. ಸಹಿಗೆ ಹೋದಾಗ ನಿರ್ದೇಶಕರು, “ಇಷ್ಟೊಂದು ಬೇಕಾ?” ಎಂದು ಎರಡು ವಾಕ್ಯ ಹೊಡೆದುಹಾಕಿದರು. ಅವಳ ಕರಡನ್ನು ಮೇಲಿನವರು ತಿದ್ದಿದ್ದು ಎಷ್ಟೋ ವರ್ಷಗಳಲ್ಲಿ ಅದೇ ಮೊದಲು. ಸ್ವಲ್ಪ ಬೇಜಾರೂ ಆಯಿತು.

ರದ್ದತಿ ಆದೇಶವನ್ನು ಅಂಚೆಗೆ ಹಾಕದೆ ತಾನೇ ಒಯ್ದು ಕೊಟ್ಟಳು. ಮೊಂಡಣ್ಣ ಎರಡು ಸಲ ಓದಿ ಹೆಂಡತಿಯ ಕೈಗಿತ್ತ. ಕ್ಷಮಿಸಿದೆ ಎಂದು ಹೇಳಲಿಲ್ಲ, ಅವಳೂ ಕೇಳಲಿಲ್ಲ. “ಬಿಸಿಲಲ್ಲಿ ಬಂದಿದ್ದೀರಿ, ಕೂತ್ಕೊಳ್ಳಿ” ಎಂದಷ್ಟೇ ಹೇಳಿ, ಅಂದು ರಿಪೇರಿ ಮುಗಿಸಿದ್ದ ಬೇರೊಂದು ಫ್ಯಾನನ್ನು ಅವಳ ಕಡೆ ತಿರುಗಿಸಿ ಹಾಕಿದ. ಅದು ಸೊಗಸಾಗಿ ತಿರುಗಿತು.

ಹೊಸ ಕಲಂ ಎಲ್ಲ ಪಂಪುಮನೆಗಳಿಗೂ ಹೋಗಿ ಮೂರು ವಾರವಾಗಿರಲಿಲ್ಲ, ಮೊದಲ ಪತ್ರ ಬಂತು. ಮುಟ್ಟಿ ನೋಡುವುದು ಯಾವ ಕೈಯಿಂದ, ಎಷ್ಟು ಸೆಕೆಂಡು, ದಯವಿಟ್ಟು ಸ್ಪಷ್ಟೀಕರಣ ನೀಡಬೇಕು. ಅವಳ ಬೆರಳು ತಾನಾಗಿಯೇ ಒತ್ತತೊಡಗಿತು: “ಬಲಗೈಯಿಂದ, ಮೂರು...” ಅಲ್ಲಿಗೆ ನಿಲ್ಲಿಸಿ, ಅಷ್ಟನ್ನೂ ಅಳಿಸಿ, ಹೊಳೆಯ ಕಡೆಯ ಪಂಪುಮನೆಗೆ ಫೋನ್ ಮಾಡಿದಳು. ಅದೇ ಆಪರೇಟರ್ ಪಾಳಿಯಲ್ಲಿದ್ದಳು. ಗದ್ದಲದ ನಡುವೆ ಪ್ರಶ್ನೆಯನ್ನು ಎರಡು ಸಲ ಕೂಗಿ ಹೇಳಬೇಕಾಯಿತು.

“ಗಡಿಯಾರ ಕಟ್ಟಿಲ್ಲದ ಕೈ ಮೇಡಂ” ಎಂದಳು ಆಕೆ. “ಎಷ್ಟು ಹೊತ್ತು ಅಂದ್ರೆ, ಗೊತ್ತಾಗೋವರೆಗೂ.”

ಅವಳು ಅದನ್ನು ಹಾಗೇ ಬರೆದುಕೊಂಡು, ಆಪರೇಟರಿಗೆ ಒಮ್ಮೆ ಓದಿ ಹೇಳಿ, ಸರಿಯಿದೆ ಎನ್ನಿಸಿಕೊಂಡ ಮೇಲೆ ಕಳಿಸಿದಳು.